ಆಷಾಢದಲ್ಲಿ ಅಮ್ಮ ಆಸ್ಲೋಗೆ ಹೋದದ್ದು

ಜುಲೈ 15, ಬುಧವಾರ

ಅಕ್ಷರಗಳು ಸೊಟ್ಟಗಾಗುತ್ತಿವೆ. ನನ್ನ ಕೂಸು ಪುಟ್ಟಿ ಮಲಗಿದ್ದಾಳೆ. ಎದೆ ಏರಿಳಿಯುತ್ತಿದೆಯೇ ಎಂದು ಆಗಲೇ ಮೂರು ಸಲ ಎದ್ದು ಹೋಗಿ ನೋಡಿ ಬಂದೆ. ನಿದ್ದೆಯಿಲ್ಲದ ತಲೆಗೆ ಏನೇನೋ ಕೇಳಿಸುತ್ತದೆ ಅನ್ನುತ್ತಾರೆ. ಬೆಳಗ್ಗೆ ಕೇಳಿದ್ದೂ ಹಾಗೇ ಇರಲಿ ಎಂದು ಮಧ್ಯಾಹ್ನದವರೆಗೆ ಆಸೆಯಿಂದಿದ್ದೆ. ನಿಜವೇ ಅಂತೆ.

ಅಮ್ಮ ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಪುಟ್ಟಿಯನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಎಂದಿನಂತೆ ಬಾಗಿಲಲ್ಲಿ ಟವೆಲ್ ಹಿಡಿದು, ಕಣ್ಣು ಅರ್ಧ ಮುಚ್ಚಿ ನಿಂತಿದ್ದೆ. ಎಣ್ಣೆ ಮೈ ಜಾರಿದರೆ ಎನ್ನುವ ಯೋಚನೆ ಬಂದರೆ ಸಾಕು, ಪೂರ್ತಿ ಮುಚ್ಚುತ್ತೇನೆ. ಇಷ್ಟು ದಿನದಲ್ಲಿ ಒಮ್ಮೆಯೂ ನಾನು ಅವಳಿಗೆ ನೀರು ಹಾಕಿಲ್ಲ. ಅಮ್ಮ ತಲೆ ಎತ್ತದೆಯೇ ಹೇಳಿದಳು.

"ದೀಪೂ, ಸೋಮವಾರ ನಾನು ಊರಿಗೆ ಹೋಗ್ತಾ ಇದೀನಿ ಕಣೇ. ಬರೋದು ಮೂರು ವಾರ ಆಗುತ್ತೆ."

"ಯಾವೂರಿಗೆ?"

"ಹ್ಯಾಂಬರ್ಗು. ಅಲ್ಲಿಂದ ಕೋಪನ್‌ಹೇಗನ್ನು. ಆಮೇಲೆ ಇನ್ನೊಂದು, ಅದರ ಹೆಸರು ನನ್ನ ಬಾಯಿಗೆ ಬರಲ್ಲ. ಕಡೇದು ಆಸ್ಲೋ."

ನನ್ನ ಕೈಯಲ್ಲಿದ್ದ ಟವೆಲ್ ನೆಲಕ್ಕೆ ಬಿತ್ತು.

"ಟಿನ್ ಬಿಷಪ್ಸ್‌ದು ಕೊನೇ ಟೂರು. ನಾನೂ ರಾಗಿಣೀನೂ ಟಿಕೆಟ್ ತಗೊಂಡು ತುಂಬ ತಿಂಗಳಾಯ್ತು. ಬೇರೆ ಟವೆಲ್ ತಗೊಂಬಾ, ಅದು ಒದ್ದೆ ಆಯ್ತು."

ಟಿನ್ ಬಿಷಪ್ಸ್ ಎಂದರೆ ಅಮ್ಮನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿರುವ ಕ್ಯಾಸೆಟ್ಟುಗಳ ಮೇಲಿನ ನಾಲ್ಕು ಜನ ಗಂಡಸರು. ಇಂಗ್ಲೆಂಡಿನ ರಾಕ್ ಬ್ಯಾಂಡು. ಉದ್ದ ಕೂದಲು, ಕೋಪದ ಮುಖ. ಚಿಕ್ಕಂದಿನಲ್ಲಿ ಅವರನ್ನು ಕಂಡರೆ ನನಗೆ ಹೆದರಿಕೆ. ಅಮ್ಮ ರಾಜಾಜಿನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಾಗ ಜೊತೆಯವಳಾದ ರಾಗಿಣಿ ಆಂಟಿಯ ಸಹವಾಸದಿಂದ ಹತ್ತಿದ ಹುಚ್ಚು. ದೋಸೆ ಹುಯ್ಯುವಾಗ ಗುನುಗುತ್ತಿದ್ದಳು, ನಿಜ. ಆದರೆ ಗುನುಗುವುದು ಬೇರೆ. ಐವತ್ತೆಂಟು ವರ್ಷದ ಹೆಂಗಸು, ಮಗಳ ಬಾಣಂತನದ ಮಧ್ಯೆ, ಒಂದು ಬ್ಯಾಂಡಿನ ಹಿಂದೆ ಊರಿಂದೂರಿಗೆ ಹೋಗುವುದು ಬೇರೆ.

ಬರೆದ ಮೇಲೂ ನಂಬಲಾಗುತ್ತಿಲ್ಲ.

ಜುಲೈ 16, ಗುರುವಾರ

ಅಪ್ಪನಿಗೆ ಗೊತ್ತಿತ್ತು. ಇದು ಎರಡನೆಯ ಪೆಟ್ಟು.

"ತಗಡು ಪಾದ್ರಿಗಳ ವಿಷಯ ತಾನೇ?" ಎಂದು ಪೇಪರ್ ಮಡಚಿದರು. ಬ್ಯಾಂಡಿನ ಹೆಸರನ್ನು ಅವರು ಮೊದಲಿನಿಂದಲೂ ಹಾಗೇ ಕನ್ನಡ ಮಾಡಿ ಹೇಳುವುದು. "ನಾನು ಹೇಳ್ದೆ, ಮಗಳಿಗೆ ಬೇಗ ಹೇಳೇ ಸತ್ಯವತೀ ಅಂತ. ಎಣ್ಣೆ ಹಚ್ಚುವಾಗ ಹೇಳ್ತೀನಿ, ಎಣ್ಣೆ ಹಚ್ಚುವಾಗ ಹೇಳ್ತೀನಿ ಅಂತ ಒಂದು ಬಾಟ್ಲಿ ಎಣ್ಣೆ ಮುಗೀತು."

ಲೆಕ್ಕ ತಪ್ಪಿದ್ದು ಹೀಗೆ. ಚೊಚ್ಚಲ ಬಾಣಂತನ, ಐದನೇ ತಿಂಗಳಲ್ಲಿ ಮಗು ಸಮೇತ ನನ್ನನ್ನು ಕೆಂಗೇರಿಯ ಅತ್ತೆ ಮನೆಗೆ ಕಳಿಸುವುದೆಂದು ಮಾತಾಗಿತ್ತು. ಶ್ರಾವಣ ಒಳ್ಳೆಯದು ಎಂದು ಅತ್ತೆ ಹೇಳಿದ್ದರು. ಅಮ್ಮ ಹೋದ ವರ್ಷದ ಕ್ಯಾಲೆಂಡರ್ ನೋಡಿ, ಹತ್ತು ಹನ್ನೊಂದು ದಿನ ಹಿಂದಕ್ಕೆ ಎಣಿಸಿ, ಜುಲೈ ಮಧ್ಯಕ್ಕೆ ಶ್ರಾವಣ ಎಂದುಕೊಂಡಳು. ನಮ್ಮನ್ನು ಕಳಿಸಿ, ಮಡಿಲು ತುಂಬಿ, ಮಾರನೆಯ ವಾರ ವಿಮಾನ. ಈ ವರ್ಷ ಅಧಿಕ ಜ್ಯೇಷ್ಠ ಬರುತ್ತದೆ, ಎಲ್ಲ ಹಬ್ಬವೂ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ ಎನ್ನುವುದು ಅವಳ ತಲೆಗೇ ಬರಲಿಲ್ಲ. ನಿನ್ನೆ ಶುರುವಾದದ್ದು ಶ್ರಾವಣವಲ್ಲ, ಆಷಾಢ.

"ಟೂರ್ ಡೇಟ್ ನೋಡ್ದೆ. ಪಂಚಾಂಗ ನೋಡ್ಲಿಲ್ಲ," ಅಂದಳು ಅಮ್ಮ. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಿಟ್ಟು ಬಂದವಳ ಹಾಗೆ.

ಆಷಾಢದಲ್ಲಿ ಬಾಣಂತಿಯೂ ಕೂಸೂ ಮನೆ ತುಂಬಬಾರದು. ಅತ್ತೆ ಈ ವಿಷಯದಲ್ಲಿ ಒಂದು ಇಂಚೂ ಜರುಗುವವರಲ್ಲ. ನಮ್ಮ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದರೆ ಕೆಂಗೇರಿ ಬರುವಷ್ಟರಲ್ಲಿ ಒಂದು ನಿದ್ದೆ ಕೂಡ ಮುಗಿಯುವುದಿಲ್ಲ. ಆದರೂ ಈಗ ಆಸ್ಲೋಗಿಂತ ದೂರ.

ಶ್ರೀರಾಮ್‌ಗೆ ಫೋನ್ ಮಾಡಿದೆ. ನನ್ನ ಗಂಡ, ನನ್ನ ಕಷ್ಟ ಕೇಳಬೇಕಾದವನು, ನಕ್ಕುಬಿಟ್ಟ. "ಅತ್ತೇನಾ? ರಾಕ್ ಶೋಗಾ? ಸೂಪರ್ ಕಣೇ." ಫೋನ್ ಇಟ್ಟೆ.

ಅಮ್ಮ ವೀಸಾಕ್ಕೆ ಬೆರಳಚ್ಚು ಕೊಡಲು ಹೋಗಿದ್ದು ಮೇ ತಿಂಗಳಲ್ಲಿ. ಅವತ್ತು ನನಗೆ ಹೇಳಿದ್ದು, ಬಾಣಂತಿ ಖಾರಕ್ಕೆ ಹಿಪ್ಪಲಿ ತರಲು ಚಿಕ್ಕಪೇಟೆಗೆ ಹೋಗುತ್ತೇನೆಂದು. ಹಿಪ್ಪಲಿಯನ್ನೂ ತಂದಿದ್ದಳು. ಅದನ್ನು ನೆನೆದರೆ ಇನ್ನೂ ಸಂಕಟವಾಗುತ್ತದೆ.

ಜುಲೈ 18, ಶನಿವಾರ

ಅಮ್ಮ ತನ್ನ ಬದಲಿಗೆ ಗೊತ್ತು ಮಾಡಿದ ಶಿವಗಂಗಮ್ಮ ಬಂದಿದ್ದರು, ಗೋವಿಂದರಾಜನಗರದವರು. ಮಕ್ಕಳಿಗೆ ನೀರು ಹಾಕುವುದೇ ಅವರ ಕೆಲಸ. ಪುಟ್ಟಿಯನ್ನು ಎತ್ತಿ ತೂಗಿ ನೋಡಿ, "ಪರವಾಗಿಲ್ಲ, ಗಟ್ಟಿಯಾಗೈತೆ," ಅಂದರು, ತೆಂಗಿನಕಾಯಿ ಆರಿಸಿದ ಹಾಗೆ. ಅವರ ಉಗುರಿನ ಸಂದಿಯಲ್ಲಿ ಏನಿದೆ ಎಂದು ನಾನು ನೋಡುತ್ತಿದ್ದೆ. ಎಂ.ಎಸ್ಸಿ.ಯಲ್ಲಿ ಓದಿದ ಸೂಕ್ಷ್ಮಾಣುಗಳೆಲ್ಲ ಈಗ ಹೆಸರು ಹೇಳಿಕೊಂಡು ಎದುರು ಬಂದು ನಿಲ್ಲುತ್ತವೆ. "ಸೋಪಲ್ಲಿ ಕೈ ತೊಳ್ಕೋತೀರಾ ಪ್ಲೀಸ್," ಅಂದೆ. ತೊಳೆದರು. "ಇನ್ನೊಂದ್ಸಲ," ಅಂದೆ. ತೊಳೆದು, "ಇನ್ನು ತೊಳುದ್ರೆ ಕೈಯೇ ಇರಕಿಲ್ಲ ಕಣವ್ವ," ಅಂದರು.

ಮಧ್ಯಾಹ್ನ ರಾಗಿಣಿ ಆಂಟಿ. ಬೆಳ್ಳಿ ಕೂದಲು, ಕುತ್ತಿಗೆಗೆ ಕಟ್ಟುವ ದಿಂಬು, ಕೈಯಲ್ಲಿ ಎರಡು ಕಪ್ಪು ಟೀ ಶರ್ಟು. ಎದೆಯ ಮೇಲೆ ತಲೆಬುರುಡೆಗೆ ಕಿರೀಟ. ಅಮ್ಮ ಅದನ್ನು ಸೀರೆಯ ಮೇಲೆಯೇ ಹಾಕಿಕೊಂಡು ಕನ್ನಡಿ ನೋಡಿದಳು.

"ಸತ್ಯಾ, ಅಲ್ಲಿ ನಿಂತ್ಕೊಂಡೇ ನೋಡ್ಬೇಕು. ಮಂಡಿ ಹಿಡಿಯುತ್ತಾ?"

"ಮೂವತ್ತು ವರ್ಷ ರೇಷನ್ ಕ್ಯೂನಲ್ಲಿ ನಿಂತಿಲ್ವಾ."

ಇಬ್ಬರೂ ನಕ್ಕರು. ಅಮ್ಮ ಹಾಗೆ ನಗುವುದನ್ನು ನಾನು ಕಂಡಿರಲಿಲ್ಲ. ಕೂತು ನೋಡುತ್ತಿದ್ದ ನನಗೆ ಯಾರದೋ ಮನೆಗೆ ಬಂದ ಹಾಗೆ ಅನ್ನಿಸಿತು.

"ದೀಪ್ತಿ, ನಿಂಗೆ ಬೇಜಾರಾ?" ಎಂದು ಆಂಟಿ ಕೇಳಿದರು. ಇಲ್ಲ ಅಂದೆ. ನನ್ನ ಮುಖ ನೋಡಿ ಅವರು ಇನ್ನೊಂದು ಟೀ ಶರ್ಟನ್ನು ಮಡಚತೊಡಗಿದರು.

ಜುಲೈ 20, ಸೋಮವಾರ

ಹೋದಳು.

ಹೊರಡುವ ಮುಂಚೆ ಎಂದಿನಂತೆ ನನ್ನ ಎರಡೂ ಕಿವಿಗೆ ಹೊಸ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಬಿಗಿದು ಕಟ್ಟಿದಳು. ಬಾಣಂತಿಗೆ ಕಿವಿಯಲ್ಲಿ ಗಾಳಿ ಹೋಗಬಾರದು. "ದಿನಾ ಬದಲಾಯಿಸ್ಕೋ," ಎಂದಳು. ಪಾದಕ್ಕೆ ನೀಲಿ ಬಣ್ಣದ, ದಪ್ಪ ಅಡಿಯ ಶೂ. ಪುಟ್ಟಿಯ ಕಾಲಿಗೆ ಮುತ್ತಿಟ್ಟಳು. ನನ್ನ ಕಡೆ ಕೈ ಚಾಚಿದಳು. ನಾನು ಪುಟ್ಟಿಯ ಕುಲಾವಿ ಸರಿಮಾಡುತ್ತಾ ನಿಂತೆ.

ಕ್ಯಾಬು ತಿರುವಿನಲ್ಲಿ ಹೋದ ಮೇಲೆ ನೆನಪಾಯಿತು. ಗ್ರೈಪ್ ವಾಟರ್ ಎಲ್ಲಿಟ್ಟಿದ್ದಾಳೆ ಎಂದು ಕೇಳಲೇ ಇಲ್ಲ.

ಜುಲೈ 21, ಮಂಗಳವಾರ

ನಿದ್ದೆ ಇಲ್ಲ. ಅಪ್ಪ ಮಾಡಿದ ಮೆಣಸಿನ ಸಾರಿಗೆ ಉಪ್ಪಿಲ್ಲ. ಬರೆಯಲು ಏನೂ ಇಲ್ಲ.

ಜುಲೈ 24, ಶುಕ್ರವಾರ

ಫ್ಯಾಮಿಲಿ ಗ್ರೂಪಿಗೆ ಫೋಟೋ ಬಂತು. ಹ್ಯಾಂಬರ್ಗಿನ ಮೈದಾನ. ಕತ್ತಿನವರೆಗೂ ಹಚ್ಚೆ ಹಾಕಿಸಿಕೊಂಡ, ಮೂಗಿಗೆ ಎತ್ತಿನ ಹಾಗೆ ಬಳೆ ಹಾಕಿಕೊಂಡ ಒಬ್ಬ ಆಜಾನುಬಾಹು. ಅವನ ಹೆಗಲ ಮೇಲೆ ನನ್ನ ಅಮ್ಮನ ಕೈ. ಅವಳ ಹಣೆಯಲ್ಲಿ ಕುಂಕುಮ, ಎದೆಯ ಮೇಲೆ ತಲೆಬುರುಡೆ. ಕೆಳಗೆ ಬರೆದಿದ್ದಳು: "ಇವರ ಹೆಸರು ಕ್ಲೌಸ್. ತುಂಬ ಒಳ್ಳೇ ಹುಡುಗ. ಜನದಲ್ಲಿ ದಾರಿ ಬಿಡಿಸಿ ಕೊಟ್ಟರು. ಪುಳಿಯೋಗರೆ ಕೊಟ್ಟೆ."

ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಅಮ್ಮನ ಕಿವಿಯಲ್ಲಿ ಹತ್ತಿ.

ಆಮೇಲೆ ಧ್ವನಿ ಸಂದೇಶ. "ಸೌಂಡು ಅಂದ್ರೆ ಎದೆ ಒಳಗೇ ಬಡಿದಂಗಾಗುತ್ತೆ ದೀಪೂ. ರಾಗಿಣಿ ಏನೋ ರಬ್ಬರ್ ಬಿರಡೆ ತಂದಿದಾಳೆ, ನಂಗೆ ಕೂರ್ಲಿಲ್ಲ. ಬಾಣಂತಿ ಥರ ಹತ್ತಿ ಇಟ್ಕೊಂಡಿದೀನಿ. ಪುಟ್ಟಿ ಹಾಲು ಕುಡೀತಾ?"

ಫೋನನ್ನು ಬೋರಲು ಹಾಕಿದೆ.

ಇವತ್ತು ಶಿವಗಂಗಮ್ಮನೂ ಬರಲಿಲ್ಲ. ಆಷಾಢ ಶುಕ್ರವಾರ, ಚಾಮುಂಡಿ ಬೆಟ್ಟಕ್ಕೆ ಹೋಗಿದ್ದಾರೆ. ಮಗಳ ಮನೆ ಮೈಸೂರಿನಲ್ಲಿ, ಇನ್ನು ನಾಲ್ಕು ದಿನ ಅಲ್ಲೇ ಅಂತೆ. ನಿನ್ನೆಯೇ ಹೇಳಿದ್ದರಂತೆ, ಅಪ್ಪನಿಗೆ. ಅಪ್ಪ ಮರೆತಿದ್ದಾರೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದೆ. ನೀರು ಬೀಳದ ಮಗು ನಿದ್ದೆ ಮಾಡುವುದಿಲ್ಲ ಎಂಬುದು ಈ ಮನೆಯ ವೇದವಾಕ್ಯ. ಪುಟ್ಟಿ ಅದನ್ನು ಓದಿಕೊಂಡೇ ಹುಟ್ಟಿದ್ದಾಳೆ.

ಜುಲೈ 26, ಭಾನುವಾರ

ಮೂರು ದಿನದಿಂದ ಅಳು. ಹಾಲು ಕುಡಿದು ಅಳುತ್ತಾಳೆ, ಕುಡಿಯದೆ ಅಳುತ್ತಾಳೆ. ಶ್ರೀರಾಮ್ ಬಂದಿದ್ದ, ನಿನ್ನೆ ಸಂಜೆಯಿಂದ ಎತ್ತಿಕೊಂಡು ನಡುಮನೆಯಲ್ಲಿ ಓಡಾಡಿ, ಇವತ್ತು ಮಧ್ಯಾಹ್ನ ಕುಂಬಳಗೋಡಿನ ಕಾರ್ಖಾನೆಗೆ ಎರಡನೇ ಪಾಳಿಗೆ ಹೋದ. "ನೀನೇ ಒಂದು ಸಲ ನೀರು ಹಾಕು ದೀಪು, ನಾನು ಪಕ್ಕದಲ್ಲಿ ಹಿಡ್ಕೋತೀನಿ," ಅಂದ. ಬಚ್ಚಲವರೆಗೆ ಹೋದೆ. ಮಣೆ ನೋಡಿದೆ. ವಾಪಸ್ ಬಂದೆ. ನೆತ್ತಿ ಇನ್ನೂ ಮೆತ್ತಗಿದೆ, ಕಿವಿಗೆ ನೀರು ಹೋಗಬಹುದು, ಕೈ ಜಾರಬಹುದು. ಅವನು ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತಿದ್ದ. ಹೆಂಡತಿ ಇಷ್ಟು ಹೆದರುಪುಕ್ಕಲಿ ಎಂದು ಅವನಿಗೂ ಗೊತ್ತಿರಲಿಲ್ಲ.

ಅವನು ಹೋದ ಮೇಲೆ ಅಮ್ಮನಿಗೆ ಬರೆದೆ. ಬರೆದದ್ದನ್ನು ಇಲ್ಲೂ ಇಡುತ್ತೇನೆ, ಆಮೇಲೆ ನಾನು ಹಾಗೆ ಹೇಳಲಿಲ್ಲ ಎಂದುಕೊಳ್ಳಬಾರದು.

"ಸಾಕು, ವಾಪಸ್ ಬಾ. ನೀನು ಹೋದರೆ ಮಗುವಿನ ಗತಿ ಏನು ಅಂತ ಒಂದು ನಿಮಿಷ ಯೋಚಿಸಿದೆಯಾ? ತಾಯಿ ಆದವಳು ಮಾಡೋ ಕೆಲಸಾನಾ ಇದು?"

ಸಂಜೆ ಉತ್ತರ ಬಂತು. ಜಗಳವಾಡುತ್ತಾಳೆ ಎಂದುಕೊಂಡು ತೆರೆದೆ.

"ನೀನು ಬಾ ಅಂದ್ರೆ ಬರ್ತೀನಿ ಮಗಳೇ. ಟಿಕೆಟ್ ಬದಲಾಯಿಸಬಹುದಂತೆ. ನಾಳೆವರೆಗೂ ಯೋಚನೆ ಮಾಡಿ ಹೇಳು. ನೀನು ಹೇಳಿದ ಹಾಗೆ."

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 27, ಸೋಮವಾರ

ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ನಡೆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಅಪ್ಪ ಹುರುಳಿಕಾಯಿ ಹೆಚ್ಚುತ್ತಿದ್ದರು. ಪುಟ್ಟಿಯನ್ನು ಹೆಗಲ ಮೇಲೆ ಹಾಕಿಕೊಂಡು ಅವರ ಎದುರು ಕೂತು, ಅಮ್ಮನನ್ನು ವಾಪಸ್ ಕರೆಯುತ್ತಿದ್ದೇನೆ ಎಂದೆ. ಅವರು ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತರು.

"ಇವರು ಬೆಂಗಳೂರಿಗೆ ಒಂದು ಸಲ ಬಂದಿದ್ರು, ಗೊತ್ತಾ?" ಅಂದರು.

"ಯಾರು?"

"ತಗಡು ಪಾದ್ರಿಗಳು. ಅರಮನೆ ಮೈದಾನಕ್ಕೆ. ನೀನಾಗ ನಾಲ್ಕು ತಿಂಗಳ ಕೂಸು. ನಿಮ್ಮಮ್ಮನಿಗೆ ಟಿಕೆಟ್ ತಂದ್ಕೊಟ್ಟೋನು ನಾನೇ. ನಾನು, ಅವಳು, ರಾಗಿಣಿ, ಮೂರು ಜನಾನೂ ಹೋಗೋದು ಅಂತ. ಅವಳು ಬಾಣಂತನಕ್ಕೆ ರಾಜಾಜಿನಗರದಲ್ಲಿ ನಿಮ್ಮಜ್ಜಿ ಮನೇಲಿದ್ಲು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸೇಮ್ ನಿನ್ನ ಥರಾನೇ. ಎರಡು ಗಂಟೆ ಹೋಗಿ ಬಂದ್ಬಿಡ್ತೀನಿ ಅಮ್ಮ ಅಂದ್ಲು. ನಿಮ್ಮಜ್ಜಿ ಬಾಗಿಲಲ್ಲಿ ನಿಂತ್ಕೊಂಡು, ನೀನು ಹೋದ್ರೆ ಮಗುವಿನ ಗತಿ ಏನೇ, ತಾಯಿ ಆದವಳು ಮಾಡೋ ಕೆಲಸಾನಾ ಇದು ಅಂದ್ರು."

ನಾನು ಕಳಿಸಿದ ಸಂದೇಶವನ್ನು ಅಪ್ಪ ನೋಡಿರಲಿಲ್ಲ. ಅಮ್ಮನ ಹೊರತು ಯಾರೂ ನೋಡಿರಲಿಲ್ಲ. ಅಜ್ಜಿ ತೀರಿಕೊಂಡಾಗ ನಾನು ಸ್ಕೂಲಿನಲ್ಲಿದ್ದೆ. ಆ ಮಾತು ನನ್ನೊಳಗೆ ಎಲ್ಲಿ ಕೂತಿತ್ತೋ, ಪದವೂ ಹೆಚ್ಚುಕಮ್ಮಿಯಾಗದೆ ಹೊರಗೆ ಬಂದಿದೆ.

"ನೀವೇನು ಹೇಳಿದ್ರಿ ಅಪ್ಪಾ?"

"ನಾನು ಕಾಫಿ ಕುಡೀತಾ ಇದ್ದೆ," ಅಂದರು. ಇನ್ನೊಂದು ಹುರುಳಿಕಾಯಿ ತೆಗೆದುಕೊಂಡು, "ಸಂಜೆ ಬಟ್ಟೆ ತರ್ತೀನಿ ಅಂತ ಟೆರೇಸಿಗೆ ಹೋದವಳು ಬರ್ಲೇ ಇಲ್ಲ. ಹೋಗಿ ನೋಡ್ತೀನಿ, ಎರಡು ಕಿವಿಯ ಹತ್ತೀನೂ ತೆಗೆದು ಕೈಯಲ್ಲಿ ಹಿಡ್ಕೊಂಡು, ಅರಮನೆ ಮೈದಾನದ ದಿಕ್ಕಿಗೆ ಮುಖ ಮಾಡಿ ನಿಂತಿದಾಳೆ. ಅದೆಲ್ಲಿ, ರಾಜಾಜಿನಗರ ಎಲ್ಲಿ. ಏನಾದ್ರೂ ಕೇಳಿಸ್ತೇನೇ ಅಂದೆ. ಬಸ್ಸಿನ ಹಾರನ್ ಕೇಳಿಸ್ತು ಅಂದ್ಲು. ಬಟ್ಟೆ ಎತ್ಕೊಂಡು ಕೆಳಗೆ ಬಂದ್ಲು. ಅಷ್ಟೇ. ಆಮೇಲೆ ಆ ಮಾತೇ ಎತ್ತಲಿಲ್ಲ."

ಪುಟ್ಟಿ ನನ್ನ ಹೆಗಲ ಮೇಲೆ ಕಿರುಚುತ್ತಿದ್ದಳು. ಅವತ್ತು ಹೀಗೆ ಕಿರುಚುತ್ತಿದ್ದವಳು ನಾನು.

ಅಮ್ಮನಿಗೆ ಬರೆದೆ: "ಬೇಡ. ಇರು."

ಆಮೇಲೆ ಅಪ್ಪನಿಗೆ ಗೀಸರ್ ಹಾಕಲು ಹೇಳಿದೆ. ಏಕೆ ಹೇಳಿದೆನೋ ಗೊತ್ತಿಲ್ಲ, ಸಿಟ್ಟಿತ್ತು, ಯಾರ ಮೇಲೆ ಎಂದೂ ಗೊತ್ತಿರಲಿಲ್ಲ. ಸೀರೆ ಮೇಲೆ ಕಟ್ಟಿ ಮಣೆಯ ಮೇಲೆ ಕಾಲು ಚಾಚಿ ಕೂತೆ. ಅಪ್ಪ ಪುಟ್ಟಿಯನ್ನು ತಂದು ಕಾಲ ಮೇಲೆ ಮಲಗಿಸಿ, ತಾವೇ ಕಣ್ಣು ಮುಚ್ಚಿಕೊಂಡು ಗೋಡೆಗೆ ತಿರುಗಿ ನಿಂತರು. ನನ್ನ ಎರಡು ಮೊಣಕಾಲಿನ ನಡುವಿನ ತಗ್ಗಿನಲ್ಲಿ ಅವಳು ಸರಿಯಾಗಿ ಕೂತಳು, ಅಲ್ಲಿಗೆಂದೇ ಅಳತೆ ಕೊಟ್ಟು ಮಾಡಿಸಿದ ಹಾಗೆ. ಮೊದಲ ತಂಬಿಗೆ ನೀರು ಬೆನ್ನ ಮೇಲೆ ಬಿದ್ದದ್ದೇ ಅಳು ನಿಂತಿತು. ನಿಂತದ್ದಕ್ಕೆ ನನಗೆ ಇನ್ನೂ ಗಾಬರಿ. "ಅಪ್ಪಾ, ಉಸಿರಾಡ್ತಾ ಇದಾಳಾ?" ಅಂದೆ. "ನಾನು ಹೇಗೆ ನೋಡ್ಲಿ, ನಂಗೆ ಭಯ," ಅಂದರು.

ಪುಟ್ಟಿ ಮಲಗಿದಳು. ಸಾಮ್ರಾಣಿ ಹೊಗೆ ಹಾಕಲು ಮರೆತೆ. ಎಷ್ಟು ಹೊತ್ತು ಮಲಗಿದಳೋ ಗೊತ್ತಿಲ್ಲ, ಏಕೆಂದರೆ ನಾನೂ ಮಲಗಿಬಿಟ್ಟಿದ್ದೆ. ಎದ್ದಾಗ ತಲೆ ಕೆಳಗೆ ಪುಟ್ಟಿಯ ಒದ್ದೆ ಟವೆಲ್ಲೇ ದಿಂಬಾಗಿತ್ತು.

ಜುಲೈ 30, ಗುರುವಾರ

ಅತ್ತೆ ಬಂದಿದ್ದರು, ಹೇಳದೆ ಕೇಳದೆ. ಅಮ್ಮ ಎಲ್ಲಿ ಎಂದು ಕೇಳದಿರಲಿ ಎಂದುಕೊಂಡೆ. ಕೇಳಿದರು. ಅಪ್ಪ ನನಗಿಂತ ಮೊದಲೇ, "ಯಾತ್ರೆಗೆ ಹೋಗಿದಾಳೆ," ಅಂದರು.

"ಹೌದಾ. ಯಾವ ಕಡೆ?"

"ಉತ್ತರಕ್ಕೆ."

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಈ ಜನ್ಮದಲ್ಲಿ ಮೊದಲ ಸಲ ಕೇಳಿದ್ದು. ನಾನು ನೆಲ ನೋಡುತ್ತಾ ನಿಂತೆ.

ಅತ್ತೆ ಕಾಫಿ ಕುಡಿದು, ಪುಟ್ಟಿಯ ಕೈಗೆ ದೃಷ್ಟಿ ಬಳೆ ಹಾಕಿ, ಚೀಲದಿಂದ ಫೋನ್ ತೆಗೆದರು. "ನೋಡಮ್ಮ, ಬೀಗಿತ್ತಿ ಸ್ಟೇಟಸ್ ಹಾಕಿದಾರೆ. ನಾನು ದಿನಾ ನೋಡ್ತೀನಿ." ಕೋಪನ್‌ಹೇಗನ್ನಿನ ಬಂದರು. ಕಪ್ಪು ಟೀ ಶರ್ಟಿನ ಅಮ್ಮ, ಎರಡು ಬೆರಳೆತ್ತಿಕೊಂಡು. ಹಿನ್ನೆಲೆಯಲ್ಲಿ ಅಬ್ಬರದ ಗಿಟಾರು.

ಅಪ್ಪ ಅಡುಗೆಮನೆಗೆ ಹೋಗಿಬಿಟ್ಟರು. ನಾನು ಪುಟ್ಟಿಯ ಹೊಸ ಬಳೆ ತಿರುಗಿಸುತ್ತಾ ನಿಂತೆ.

"ಆ ಶೂ ಎಲ್ಲಿ ತಗೊಂಡ್ರಂತೆ ಕೇಳಮ್ಮ," ಅಂದರು ಅತ್ತೆ. "ಅಷ್ಟು ಹೊತ್ತು ನಿಲ್ತಾರೆ ಅಂದ್ರೆ ಒಳ್ಳೇ ಶೂನೇ ಇರಬೇಕು. ನನ್ನ ಮಂಡಿ ನೋಡಿದೀಯಲ್ಲ."

"ನಿಮಗೆ ಬೇಜಾರಿಲ್ವಾ ಅತ್ತೆ?"

"ನಂಗ್ಯಾಕೆ ಬೇಜಾರು? ನಂಗೆ ಶಾಸ್ತ್ರ ಬಿಡಿ ಅಂದಿದ್ರೆ ಬೇಜಾರು. ಅವರೇನು ಆಷಾಢದಲ್ಲಿ ನಿನ್ನ ಕಳಿಸಿದ್ರಾ? ತಾವು ಹೋದ್ರು." ಅಡುಗೆಮನೆಯ ಕಡೆ ತಿರುಗಿ ದನಿ ಎತ್ತರಿಸಿದರು. "ಬೀಗರೇ, ಉತ್ತರ ಅಂದ್ರಲ್ಲ, ಪರವಾಗಿಲ್ಲ. ದಿಕ್ಕು ಸರಿಯಾಗೇ ಹೇಳಿದೀರಿ."

ಒಳಗೆ ಪಾತ್ರೆ ಬಿದ್ದ ಸದ್ದಾಯಿತು.

ಮಧ್ಯೆ ಪುಟ್ಟಿಗೆ ನೀರು ಹಾಕುವ ಹೊತ್ತಾಯಿತೆಂದು ಎದ್ದೆ. ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು ನೋಡಿದರು. ಮುಗಿದಾಗ ಟವೆಲ್ ಕೊಟ್ಟರು. ಶಿವಗಂಗಮ್ಮ ಮೊನ್ನೆಯೇ ಬಂದಿದ್ದರು, ಇನ್ನು ಬೇಡ ಎಂದು ಹೇಳಿ ಕಳಿಸಿದೆ. ಕೈ ಎಷ್ಟು ತೊಳೆದರೂ ನನಗೆ ಸಮಾಧಾನವಾಗುವುದಿಲ್ಲ, ಪಾಪ ಅವರಿಗೇಕೆ ತೊಂದರೆ.

ಆಗಸ್ಟ್ 5, ಬುಧವಾರ

ಪುಟ್ಟಿಗೆ ಮೈ ಬಿಸಿ. ಥರ್ಮಾಮೀಟರ್ ನೂರು ದಾಟಿತು. ನಾನು ಇಷ್ಟು ದಿನ ಯಾವುದಕ್ಕೆ ಹೆದರಿ ಎದ್ದು ಕೂತಿರುತ್ತಿದ್ದೆನೋ ಅದು ಬಂದೇಬಿಟ್ಟಿತು. ಅಪ್ಪ ಬೀದಿಗೆ ಓಡಿ ಆಟೋ ತಂದರು, ಕಾಲಲ್ಲಿ ಒಂದೊಂದು ಜೊತೆಯ ಒಂದೊಂದು ಚಪ್ಪಲಿ. ಡಾಕ್ಟರ್ ಎದೆ, ಕಿವಿ, ಗಂಟಲು ಎಲ್ಲ ನೋಡಿ, ಸಾಮಾನ್ಯ ನೆಗಡಿ ಜ್ವರ ಎಂದರು. ಹಾಲು ಕುಡಿಯುತ್ತಿದ್ದಾಳೆ ತಾನೇ, ಹೆದರಬೇಡಿ ಎಂದು ಔಷಧಿ ಬರೆದುಕೊಟ್ಟರು. ಯಾವಾಗ ವಾಪಸ್ ಕರೆತರಬೇಕು, ಏನು ಲಕ್ಷಣ ನೋಡಬೇಕು ಎಂದು ಕೇಳಿಕೊಂಡು ಬಂದೆ.

ಆಟೋದವರು ಬರುವಾಗ, "ಮಗು ಚೆನ್ನಾಗಿದೆಯಾ ಅಕ್ಕಾ?" ಎಂದು ಕೇಳಿದರು. "ನೆಗಡಿ ಅಣ್ಣ, ಹಾಲು ಕುಡೀತಾಳೆ," ಅಂದೆ. ಡಾಕ್ಟರ್ ಹೇಳಿದ ದನಿಯಲ್ಲೇ.

ಅಮ್ಮನಿಗೆ ಹೇಳಿಲ್ಲ. ನಾಳೆ ಆಸ್ಲೋದಲ್ಲಿ ಕಡೇ ಶೋ.

ಆಗಸ್ಟ್ 6, ಗುರುವಾರ

ಸಂಜೆ ಪುಟ್ಟಿಯನ್ನು ಎದೆಗೆ ಕಟ್ಟಿಕೊಂಡು ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಜ್ವರ ಇಳಿದಿದೆ, ಮೂಗು ಕಟ್ಟಿದೆ, ಕೊಸರಾಟ ನಿಂತಿಲ್ಲ. ಮೋಡವಿತ್ತು, ಗಾಳಿಗೆ ಲಂಗೋಟಿಗಳು ಹಾರಾಡುತ್ತಿದ್ದವು. ಫೋನ್ ಬಂತು. ವಿಡಿಯೋ ಕಾಲ್.

ಅಮ್ಮನ ಮುಖ, ಹಿಂದೆ ಕಬ್ಬಿಣದ ತಡೆ, ಅದರಾಚೆ ಸಾಲುಗಟ್ಟಿದ ಜನ. ಅಲ್ಲಿ ಇನ್ನೂ ಮಧ್ಯಾಹ್ನ. ಬೆಳಗ್ಗೆಯಿಂದ ಕ್ಯೂನಲ್ಲಿದ್ದಾರಂತೆ, ಮುಂದಿನ ಸಾಲು ಸಿಗಬೇಕಂತೆ. ಪಕ್ಕದಲ್ಲಿ ರಾಗಿಣಿ ಆಂಟಿ ಚಕ್ಕುಲಿ ತಿನ್ನುತ್ತಿದ್ದರು.

ಪುಟ್ಟಿ ಕೊಸರಿ ಅತ್ತಳು. ಅಮ್ಮನ ಮುಖ ಬದಲಾಯಿತು.

"ಅಳು ಯಾಕೆ ಹಂಗಿದೆ? ಮೂಗಲ್ಲಿ ಅಳ್ತಾ ಇದಾಳೆ. ಜ್ವರಾನಾ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ನಿನ್ನೆ ಇತ್ತು."

"ನಂಗ್ಯಾಕೆ ಹೇಳ್ಲಿಲ್ಲ? ರಾಗಿಣೀ, ಇವತ್ತೇ ಯಾವ್ದಾದ್ರೂ ಫ್ಲೈಟ್ ಇದ್ಯಾ ನೋಡೇ." ಅವಳು ಆಗಲೇ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಸಾಲಿನಿಂದ ಒಂದು ಕಾಲು ಹೊರಗಿಟ್ಟಿದ್ದಳು. ನೀಲಿ ಶೂ ಕಾಣಿಸಿತು.

"ಅಮ್ಮ, ಲೈನ್ ಬಿಡಬೇಡ," ಅಂದೆ.

"ಸುಮ್ನಿರೇ. ನಾಲ್ಕು ತಿಂಗಳ ಕೂಸು..."

"ಡಾಕ್ಟ್ರಿಗೆ ತೋರಿಸಿದೀನಿ. ನೆಗಡಿ. ಹಾಲು ಕುಡೀತಾ ಇದಾಳೆ, ಉಚ್ಚೆ ಸರಿಯಾಗಿದೆ. ಈಗ ಜ್ವರ ಇಲ್ಲ, ಹತ್ತು ನಿಮಿಷದ ಹಿಂದೆ ನೋಡ್ದೆ. ಮಗು ತಾಯಿ ಇಲ್ಲೇ ಇದಾಳಲ್ಲ. ನೀನು ಲೈನಲ್ಲಿ ನಿಂತ್ಕೋ."

ಅಮ್ಮ ನನ್ನನ್ನೇ ನೋಡುತ್ತಿದ್ದಳು. ಫೋನ್ ನಿಂತುಹೋಯಿತೇನೋ ಎಂದುಕೊಂಡೆ, ಅವಳ ರೆಪ್ಪೆ ಆಡಿತು. ಹೊರಗಿಟ್ಟಿದ್ದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡಳು.

ಅಷ್ಟರಲ್ಲಿ ಒಳಗೆಲ್ಲೋ ಡ್ರಮ್ಮಿಗೆ ಒಂದು ಪೆಟ್ಟು ಬಿತ್ತು. ಇನ್ನೊಂದು. ಸಾಲಿನ ಜನ ಹೋ ಎಂದರು. ಶೋಗೆ ಮುಂಚೆ ವಾದ್ಯ ಸರಿನೋಡುತ್ತಾರಂತೆ. ಗಿಟಾರು ಸೇರಿತು. ಆ ರಾಗ ನನಗೆ ಗೊತ್ತಿತ್ತು. ದೋಸೆ ಹುಯ್ಯುವಾಗಿನ ರಾಗ. ಇಷ್ಟು ವರ್ಷ ಅದನ್ನು ದೋಸೆಯ ರಾಗ ಎಂದೇ ತಿಳಿದಿದ್ದೆ.

ಅಮ್ಮ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಈಗ ಅವಳ ಮುಖ ಕಾಣುತ್ತಿರಲಿಲ್ಲ, ಆಕಾಶ ಕಾಣುತ್ತಿತ್ತು.

"ಕೇಳಿಸ್ತಾ ಇದ್ಯೇನೇ?" ಎಂದು ಕೂಗಿದಳು.

ಪುಟ್ಟಿ ಅಳು ನಿಲ್ಲಿಸಿ, ಬಾಯಿ ತೆರೆದು ಫೋನಿನ ಕಡೆ ತಿರುಗಿದಳು. ಕೆಳಗೆ ಬೀದಿಯಲ್ಲಿ ಬಸ್ಸು ಹಾರನ್ ಹೊಡೆಯಿತು. ಅದರ ಮೇಲೂ ಕೇಳಿಸುತ್ತಿತ್ತು.

"ಕೇಳಿಸ್ತಾ ಇದೆ ಅಮ್ಮ," ಅಂದೆ. "ಟೆರೇಸಲ್ಲಿದೀನಿ. ಇಲ್ಲೀವರೆಗೂ ಕೇಳಿಸ್ತಾ ಇದೆ."

ಅವಳು ಎತ್ತಿದ ಕೈ ಇಳಿಸಲಿಲ್ಲ, ಹಾಡು ಮುಗಿಯುವವರೆಗೂ. ಆಕಾಶ ಸ್ವಲ್ಪ ಸ್ವಲ್ಪವೇ ಅಲುಗಾಡುತ್ತಿತ್ತು, ಅವಳ ಕೈಯ ಜೊತೆಗೆ.

ಆಗಸ್ಟ್ 9, ಭಾನುವಾರ

ಅಮ್ಮ ಬಂದಳು. ದನಿ ಇಲ್ಲ, ಪೂರ್ತಿ ಹೋಗಿದೆ. ಕಡೇ ಶೋದಲ್ಲಿ ಕೂಗಿ ಕೂಗಿ ಈಗ ಬರೀ ಗಾಳಿ ಬರುತ್ತದೆ. ಅಪ್ಪ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟು, "ಮೂವತ್ತು ವರ್ಷಕ್ಕೆ ಈ ಮನೇಲಿ ಈಗ ಶಾಂತಿ," ಅಂದರು.

ಬಂದವಳೇ ಕೈಕಾಲು ತೊಳೆದು ಮಣೆಯ ಮೇಲೆ ಕೂತಳು. ಪುಟ್ಟಿಯನ್ನು ಕೊಟ್ಟೆ. ಪುಟ್ಟಿ ಅವಳ ಮುಖ ನೋಡಿ, ತುಟಿ ಮಡಚಿ, ಹೋ ಎಂದು ಅತ್ತಳು. ಅಮ್ಮನ ಕೈ ಹಾಗೇ ನಿಂತಿತು. ಅವಳು ಅಷ್ಟು ಬೆಚ್ಚಿದ್ದನ್ನು ನಾನು ನೋಡಿರಲಿಲ್ಲ. ನೆಗಡಿ ಇನ್ನೂ ಪೂರ್ತಿ ಹೋಗಿಲ್ಲ, ಅದಕ್ಕೇ ಕಿರಿಕಿರಿ ಎಂದು ಹೇಳಿ ನಾನೇ ತೆಗೆದುಕೊಂಡು ಕೂತೆ. ಅಮ್ಮ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಳು.

"ಬಿಸಿ ಜಾಸ್ತಿ ಆಯ್ತೇನೋ," ಎಂದು ಪಿಸುಗುಟ್ಟಿದಳು.

"ಮೊಣಕೈಲಿ ನೋಡಿದೀನಿ ಅಮ್ಮ."

ಆಮೇಲೆ ಹತ್ತಿ ಸುರುಳಿ ತಂದು ನನ್ನ ಸ್ಕಾರ್ಫ್ ಸರಿಸಲು ಕೈ ಹಾಕಿದಳು. ಸ್ಕಾರ್ಫೇ ಇರಲಿಲ್ಲ. ಕಿವಿ ನೋಡಿದಳು. ಯಾವತ್ತಿಂದ ಬಿಟ್ಟೆ ಎಂದು ಸನ್ನೆಯಲ್ಲಿ ಕೇಳಿದಳು. ನನಗೂ ನೆನಪಾಗಲಿಲ್ಲ. ಹತ್ತಿಯನ್ನು ಬೆರಳಲ್ಲಿ ಉಂಡೆ ಮಾಡುತ್ತಾ ಸ್ವಲ್ಪ ಹೊತ್ತು ಕೂತು, ತನ್ನ ಪರ್ಸಿನೊಳಗೆ ಹಾಕಿಕೊಂಡಳು.

ಕಾಫಿಗೆ ಕೂತಾಗ ಅಪ್ಪನ ಕಡೆ ನೋಡದೆ ನನ್ನ ಕಿವಿಯ ಹತ್ತಿರ ಬಂದಳು. "ಕೊನೇ ಟೂರು ಅಂದಿದ್ದು ಯೂರೋಪಿಗೆ ಮಾತ್ರ ಅಂತೆ. ಬರೋ ವರ್ಷ ಜಪಾನು."

ಅಪ್ಪನಿಗೆ ಕೇಳಿಸಿತು. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. "ಹೋಗಿ ಬಾ," ಅಂದರು. "ಈ ಸಲ ಮೊದಲೇ ಹೇಳ್ತಾ ಇದೀನಿ."

"ಯಾವ ತಿಂಗಳು?" ಎಂದು ನಾನು ಕೇಳಿದೆ.

ಜುಲೈ ಎಂದು ಅಮ್ಮ ತುಟಿಯಾಡಿಸಿದಳು.

ಫೋನಿನಲ್ಲಿ ಪಂಚಾಂಗ ನೋಡಿದೆ. "ಬರೋ ವರ್ಷ ಅಧಿಕ ಇಲ್ಲ. ಜುಲೈ ಪೂರ್ತಿ ಆಷಾಢ. ಆಷಾಢದಲ್ಲಿ ಸೊಸೆ ಅತ್ತೆ ಮನೇಲಿ ಇರಬಾರದು. ನಾನೂ ಬರ್ತೀನಿ."

"ಅದು ಹೊಸ ಸೊಸೆಗೆ ಕಣೇ," ಅಂದರು ಅಪ್ಪ.

"ಅತ್ತೆಗೆ ಶೂ ತಗೊಂಡು ಹೋಗ್ತೀನಿ. ಒಪ್ಕೋತಾರೆ."

ಅಮ್ಮನಿಗೆ ನಗಲು ದನಿ ಇರಲಿಲ್ಲ, ಭುಜ ಮಾತ್ರ ಕುಲುಕಿತು.

ಶ್ರಾವಣಕ್ಕೆ ಇನ್ನು ಕೆಲವೇ ದಿನ, ಬಟ್ಟೆ ಜೋಡಿಸಬೇಕು. ತೊಟ್ಟಿಲು ಮೆಟ್ರೋದಲ್ಲಿ ಹೋಗುವುದಿಲ್ಲ, ಶ್ರೀರಾಮ್‌ಗೆ ಗಾಡಿಗೆ ಹೇಳಬೇಕು. ಪುಟ್ಟಿ ಆಗಲೇ ಮಲಗಿದ್ದಾಳೆ. ಇಷ್ಟು ಹೊತ್ತಿನಿಂದ ಬರೆಯುತ್ತಾ ಕೂತವಳು ಅವಳ ಎದೆ ಏರಿಳಿಯುತ್ತಿದೆಯೇ ಎಂದು ಒಂದು ಸಲವೂ ಎದ್ದು ಹೋಗಿ ನೋಡಿಲ್ಲ. ಈಗ ನೆನಪಾಗಿ ಗಾಬರಿಯಿಂದ ಪೆನ್ನು ಬಿಟ್ಟೆ. ಗೋಡೆಯಾಚೆಯಿಂದ ಅಮ್ಮನ ಗಾಳಿ ದನಿ ಕೇಳಿಸಿತು, ತೊಟ್ಟಿಲು ತೂಗುತ್ತಾ ಗುನುಗುತ್ತಿದ್ದಾಳೆ. ದೋಸೆಯ ರಾಗ.

ಮತ್ತೆ ಕೂತೆ. ಕಣ್ಣು ಎಳೆಯುತ್ತಿದೆ.